ಕಾಗದ ಕೇಳುವ ಸರ್ಕಾರ, ಚೀಟಿ ಕಟ್ಟಿ ಬದುಕಿದ ಜನ

2025ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ಹೊಸ ಹುದ್ದೆಯನ್ನು ತುಂಬಿತು. ಹುದ್ದೆಯ ಹೆಸರು ವಿಂಡ್‌ರಶ್ ಕಮಿಷನರ್. ಅಲ್ಲಿಗೆ ಬಂದವರು ನಿವೃತ್ತ ನ್ಯಾಯಾಧೀಶರೂ ಅಲ್ಲ, ಹಿರಿಯ ಅಧಿಕಾರಿಯೂ ಅಲ್ಲ. ನಾಟಿಂಗ್‌ಹ್ಯಾಮ್‌ನ ಒಬ್ಬ ಪಾದ್ರಿ, ರೆವರೆಂಡ್ ಕ್ಲೈವ್ ಫಾಸ್ಟರ್. ಅವರ ಅಪ್ಪ ಅಮ್ಮ ಜಮೈಕಾದಿಂದ ವಲಸೆ ಬಂದವರು.

ಸುದ್ದಿ ಓದಿದ ಯಾರಿಗಾದರೂ ತಲೆ ಗಿರ್ ಅನ್ನುತ್ತೆ. ದಶಕಗಳಿಂದ ಬ್ರಿಟನ್ನಿನಲ್ಲೇ ನೆಲೆಸಿದ್ದ ಕೆರಿಬಿಯನ್ ಮೂಲದವರನ್ನು, ಕಾಗದ ಇಲ್ಲವೆಂದು ಅಕ್ರಮ ವಲಸಿಗರ ಹಾಗೆ ನಡೆಸಿಕೊಂಡ ವಿಂಡ್‌ರಶ್ ಹಗರಣ ಬಯಲಾಗಿದ್ದು 2018ರಲ್ಲಿ. ಪರಿಹಾರ ಯೋಜನೆ ಶುರುವಾಗಿದ್ದು 2019ರಲ್ಲಿ. ಇಷ್ಟು ವರ್ಷ ಆದಮೇಲೂ ಪರಿಹಾರ ಕೊಡಿಸೋಕೆ ಇನ್ನೊಬ್ಬರನ್ನು ನೇಮಿಸಬೇಕೇ? ಪ್ರಜೆಗಳಾಗಿಯೇ ಬಂದಿಳಿದ ಜನ ಅಕ್ರಮ ವಲಸಿಗರು ಅನ್ನಿಸಿಕೊಂಡಿದ್ದು ಹೇಗೆ? ದುಡ್ಡು ಕೊಡುತ್ತೇವೆ ಎಂದು ಸರ್ಕಾರವೇ ಹೇಳುವಾಗ ಜನ ಅರ್ಜಿ ಹಾಕೋಕೆ ಯಾಕೆ ಹಿಂದೇಟು ಹಾಕುತ್ತಾರೆ? ಅದಕ್ಕೆ ಪಾದ್ರಿ ಯಾಕೆ ಬೇಕು?

ಇದಕ್ಕೆಲ್ಲ ಉತ್ತರ ಹುಡುಕಲು 1948ಕ್ಕೆ ಹೋಗಬೇಕು.

ಹಕ್ಕು ಇತ್ತು, ಹಕ್ಕುಪತ್ರ ಇರಲಿಲ್ಲ

ಎಂಪೈರ್ ವಿಂಡ್‌ರಶ್ ಅನ್ನುವುದು ಒಂದು ಹಡಗಿನ ಹೆಸರು. ಮೊದಲು ಅದು ಜರ್ಮನಿಯದ್ದು, ಯುದ್ಧದ ಕೊನೆಗೆ ಬ್ರಿಟನ್ ಪಾಲಾಯಿತು. 1948ರ ಜೂನ್ 22ರಂದು ಲಂಡನ್ ಬಳಿಯ ಟಿಲ್ಬರಿ ಬಂದರಿನಲ್ಲಿ ಅದರಿಂದ ಇಳಿದವರಲ್ಲಿ 800ಕ್ಕೂ ಹೆಚ್ಚು ಜನ ಕೆರಿಬಿಯನ್ ದ್ವೀಪಗಳವರು. ಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ದುಡಿದವರೂ ಅವರಲ್ಲಿದ್ದರು. ಜಮೈಕಾದಿಂದ ಟಿಕೆಟ್ ದರ 28 ಪೌಂಡ್ 10 ಶಿಲ್ಲಿಂಗ್.

ಇಳಿದ ಎಲ್ಲರಿಗೂ ಉಳಿಯಲು ಜಾಗ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಜನರನ್ನು ಕ್ಲಾಪಮ್ ಸೌತ್‌ನಲ್ಲಿ ನೆಲದಡಿಯ ಒಂದು ಹಳೇ ಬಾಂಬ್ ಆಸರೆಯಲ್ಲಿ ಮಲಗಿಸಿದರು. ಅಲ್ಲಿಗೆ ಹತ್ತಿರದ ಉದ್ಯೋಗ ಕಚೇರಿ ಇದ್ದದ್ದು ಬ್ರಿಕ್ಸ್ಟನ್ನಿನಲ್ಲಿ. ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದವರು ಅಲ್ಲೇ ಸುತ್ತಮುತ್ತ ಕೋಣೆ ಹಿಡಿದರು. ಬ್ರಿಕ್ಸ್ಟನ್ ಕರಿಯರ ಪೇಟೆಯಾಗಿ ಬೆಳೆದದ್ದರ ಹಿಂದೆ ಇಷ್ಟು ಸಣ್ಣ ಕಾರಣವೂ ಇದೆ. (2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ನಿಂತಿತಲ್ಲ, ಆ ಲ್ಯಾಂಬೆತ್ ಕೌನ್ಸಿಲ್‌ನ ವ್ಯಾಪ್ತಿಗೇ ಈ ಬ್ರಿಕ್ಸ್ಟನ್ ಸೇರುತ್ತದೆ.)

ಈಗ ಕಾನೂನಿನ ಕಡೆ ಬನ್ನಿ. 1948ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆ ವಸಾಹತುಗಳ ಜನರನ್ನೂ ಬ್ರಿಟನ್ನಿನ ಜನರನ್ನೂ ಒಂದೇ ಪೌರತ್ವದಡಿ ಸೇರಿಸಿತು. ಜಮೈಕಾದವನು ಲಂಡನ್ನಿಗೆ ಬರುವುದು, ಕಾಗದದ ಮಟ್ಟಿಗೆ, ಬೀದರಿನವನು ಬೆಂಗಳೂರಿಗೆ ಬಂದ ಹಾಗೆ. ಆದರೆ 1962ರ ಕಾಯ್ದೆ ಒಳಬರುವವರಿಗೆ ತಡೆ ಹಾಕಿತು. ಅದೇ ವರ್ಷ ಜಮೈಕಾ, ಟ್ರಿನಿಡಾಡ್ ಸ್ವತಂತ್ರವಾದವು. 1966ರಲ್ಲಿ ಬಾರ್ಬಡೋಸ್, ಗಯಾನಾ. ಲಂಡನ್ನಿನ ಮನೆಯಲ್ಲಿ ಕೂತಿದ್ದವರು ಎಲ್ಲಿಗೂ ಕದಲಲಿಲ್ಲ. ಅವರ ಕಾಲ ಕೆಳಗಿನ ಪೌರತ್ವ ಮಾತ್ರ ಕದಲಿತು.

1971ರ ವಲಸೆ ಕಾಯ್ದೆ 1973ರ ಜನವರಿ 1ರಿಂದ ಜಾರಿಗೆ ಬಂತು. ಅಷ್ಟರೊಳಗೆ ಬಂದು ನೆಲೆಸಿದವರು ಕಾಯಂ ಆಗಿ ಇರಬಹುದು ಎಂದಿತು. ಒಳ್ಳೆಯದೇ. ಆದರೆ ಹಾಗೆ ಇರಬಹುದು ಅನ್ನುವುದಕ್ಕೆ ಅವರ ಕೈಗೆ ಒಂದು ಕಾಗದ ಕೊಡಲಿಲ್ಲ, ಸರ್ಕಾರ ತನ್ನ ಹತ್ತಿರವೂ ಪಟ್ಟಿ ಇಟ್ಟುಕೊಳ್ಳಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಕ್ಕು ಇತ್ತು, ಹಕ್ಕುಪತ್ರ ಇರಲಿಲ್ಲ. ಅಪ್ಪನ ಪಾಸ್‌ಪೋರ್ಟಿನಲ್ಲಿ ಹೆಸರು ಬರೆಸಿಕೊಂಡು ಬಂದ ಮಕ್ಕಳ ಹತ್ತಿರವಂತೂ ಏನೂ ಇರಲಿಲ್ಲ.

ಸುಮಾರು ನಲವತ್ತೈದು ವರ್ಷದ ನಂತರ ಸಿಡಿದ ಬಾಂಬ್ ಹುಗಿದಿದ್ದು ಇಲ್ಲಿ.

ಬ್ಯಾಂಕ್ ಸಾಲ ಕೊಡಲಿಲ್ಲ, ಚೀಟಿ ಕೊಟ್ಟಿತು

ಕಾನೂನು ಒಳಗೆ ಬಿಟ್ಟಿತು, ಊರು ಬಿಡಲಿಲ್ಲ. ಬಾಡಿಗೆ ಮನೆಗಳ ಕಿಟಕಿಯಲ್ಲಿ 'ಬಣ್ಣದವರಿಗೆ ಇಲ್ಲ' ಎಂಬ ಬೋರ್ಡು ತೂಗುತ್ತಿತ್ತು. ಅದು ಆಗ ಅಪರಾಧವಾಗಿರಲಿಲ್ಲ. ವೆಸ್ಟ್ ಇಂಡೀಸ್ ಕ್ರಿಕೆಟಿಗ ಲಿಯರಿ ಕಾನ್ಸ್ಟಂಟೈನ್ ಅಂಥವರಿಗೇ 1943ರಲ್ಲಿ ಲಂಡನ್ನಿನ ಇಂಪೀರಿಯಲ್ ಹೋಟೆಲ್ ರೂಮು ನಿರಾಕರಿಸಿತ್ತು. ಅವರು ಕೋರ್ಟಿಗೆ ಹೋಗಿ 1944ರಲ್ಲಿ ಗೆದ್ದರು. ಆದರೆ ಗೆದ್ದದ್ದು ವರ್ಣಭೇದ ತಪ್ಪು ಅನ್ನುವ ಕಾನೂನಿನಿಂದಲ್ಲ, ಅಂಥ ಕಾನೂನೇ ಇರಲಿಲ್ಲ. ಛತ್ರ ನಡೆಸುವವನು ಬಂದ ಪ್ರಯಾಣಿಕನನ್ನು ಸುಮ್ನೆ ವಾಪಸ್ ಕಳಿಸಬಾರದು ಎಂಬ ಹಳೇ ಕಟ್ಟಳೆಯಿಂದ. ಅಷ್ಟು ಹೆಸರುವಾಸಿಗೇ ಹೀಗಾದರೆ ಬಸ್ ಕಂಡಕ್ಟರ್, ನರ್ಸ್, ಬಡಗಿಗಳ ಪಾಡು?

ಅವರು ಊರಿಂದ ತಂದ ಒಂದು ಉಪಾಯ ಕೈಹಿಡಿಯಿತು. ಜಮೈಕಾದವರು ಅದನ್ನು ಪಾರ್ಡ್ನರ್ ಅನ್ನುತ್ತಾರೆ, ಟ್ರಿನಿಡಾಡಿನವರು ಸೂಸೂ, ಗಯಾನಾದವರು ಬಾಕ್ಸ್ ಹ್ಯಾಂಡ್, ಬಾರ್ಬಡೋಸ್‌ನವರು ಮೀಟಿಂಗ್ ಟರ್ನ್. ನಾವು ಅದಕ್ಕೆ ಚೀಟಿ ಅನ್ನುತ್ತೇವೆ. ಇಪ್ಪತ್ತು ಜನ ಸೇರಿದ್ದಾರೆ, ವಾರಕ್ಕೆ ಎರಡು ಪೌಂಡ್ ಅಂತಿಟ್ಟುಕೊಳ್ಳಿ. ಶುಕ್ರವಾರ ಸಂಬಳ ಆಗುತ್ತಲೇ ಎಲ್ಲರೂ ತಮ್ಮ 'ಹ್ಯಾಂಡ್' ತಂದು ಕೊಡುತ್ತಾರೆ. ಆ ವಾರ ಸರದಿ ಬಂದವರಿಗೆ ನಲವತ್ತು ಪೌಂಡ್ ಒಟ್ಟಿಗೆ ಸಿಗುತ್ತದೆ, ಅದು 'ಡ್ರಾ'. ನಮ್ಮಲ್ಲಿಯ ಹಾಗೆ ಕೂಗಿ ಬಿಟ್ಟು ಎತ್ತುವ ಪದ್ಧತಿ ಇಲ್ಲ, ಬಡ್ಡಿ ಇಲ್ಲ. ಸರದಿ ಮೊದಲೇ ಗೊತ್ತು. ಯಾರದಾದರೂ ಮನೆಯಲ್ಲಿ ಮದುವೆಯೋ ಸಾವೋ ಬಂದರೆ ಸರದಿ ಆಚೀಚೆ ಆಗುತ್ತದೆ. ಚೀಟಿ ನಡೆಸುವವರನ್ನು ಬ್ಯಾಂಕರ್ ಅನ್ನುತ್ತಾರೆ. ಅದು ಎಷ್ಟೋ ಕಡೆ ಬೀದಿಯಲ್ಲಿ ಎಲ್ಲರೂ ನಂಬುವ ಒಬ್ಬ ಹಿರಿಯ ಹೆಂಗಸು. ಅವರ ಲೆಕ್ಕದ ಪುಸ್ತಕವೇ ರಿಜಿಸ್ಟರ್.

ಈ ದುಡ್ಡಿನಿಂದ ಮನೆಗೆ ಮುಂಗಡ ಕಟ್ಟಿದರು. ಮುಂದಿನ ಹಡಗಿನಲ್ಲಿ ತಮ್ಮನನ್ನೋ ಹೆಂಡತಿಯನ್ನೋ ಕರೆಸಿದರು. ಕೊಂಡ ಮನೆಯ ಕೋಣೆಗಳನ್ನು ಹೊಸದಾಗಿ ಬಂದವರಿಗೆ ಬಾಡಿಗೆಗೆ ಕೊಟ್ಟರು. ಬೋರ್ಡು ತೂಗಿದ್ದ ಮನೆಗಳ ಪಕ್ಕದಲ್ಲೇ ಬೋರ್ಡಿಲ್ಲದ ಮನೆ ಎದ್ದಿತು.

ಚರ್ಚಿನ ಕಥೆಯೂ ಹೀಗೇ. ಇಂಗ್ಲಿಷ್ ಚರ್ಚುಗಳಲ್ಲಿ ತಣ್ಣಗಿನ ಸ್ವಾಗತ ಸಿಕ್ಕವರು ತಮ್ಮದೇ ಪ್ರಾರ್ಥನಾ ಕೂಟ ಕಟ್ಟಿದರು. ನ್ಯೂ ಟೆಸ್ಟಮೆಂಟ್ ಚರ್ಚ್ ಆಫ್ ಗಾಡ್ 1953ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಶುರುವಾಯಿತು. ಭಾನುವಾರ ಪ್ರಾರ್ಥನೆ ನಡೆಯುವ ಕಡೆಯೇ ವಾರದ ಉಳಿದ ದಿನ ಕೆಲಸದ ಸುದ್ದಿ, ಕೋಣೆಯ ಸುದ್ದಿ, ಅರ್ಜಿ ತುಂಬಿಕೊಡುವ ಕೆಲಸ. ಈ ಜನರ ಮೊದಲ ಸಂಘ ಅಂದರೆ ಹೀಗೆ ಒಂದು ಲೆಕ್ಕದ ಪುಸ್ತಕ, ಒಂದು ಪ್ರಾರ್ಥನಾ ಕೂಟ. ರಾಜಕೀಯ ಸಂಘಟನೆ ಆಮೇಲೆ ಬಂತು, ಅದೂ ಇವುಗಳ ಬೆನ್ನ ಮೇಲೆ.

ಜನವರಿ ಚಳಿಯ ಕಾರ್ನಿವಲ್

ರಾಜಕೀಯ ತಂದವರಲ್ಲಿ ಮುಖ್ಯರು ಕ್ಲಾಡಿಯಾ ಜೋನ್ಸ್. ಹುಟ್ಟಿದ್ದು 1915ರಲ್ಲಿ ಟ್ರಿನಿಡಾಡಿನಲ್ಲಿ, ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಅಮೆರಿಕ ಜೈಲಿಗೆ ಹಾಕಿ, 1955ರಲ್ಲಿ ಗಡಿಪಾರು ಮಾಡಿತು. ಹಾಗೆ ಲಂಡನ್ನಿಗೆ ಬಂದ ಆಕೆ 1958ರ ಮಾರ್ಚ್‌ನಲ್ಲಿ ಬ್ರಿಕ್ಸ್ಟನ್ನಿನಿಂದ 'ವೆಸ್ಟ್ ಇಂಡಿಯನ್ ಗೆಜೆಟ್' ಪತ್ರಿಕೆ ಹೊರಡಿಸಿದರು. ಆ ಹೆಸರಿಗೆ ಮುಂದೆ ಇನ್ನೂ ಉದ್ದದ ಬಾಲ ಸೇರಿ 'ಆಫ್ರೋ-ಏಷ್ಯನ್ ಕೆರಿಬಿಯನ್ ನ್ಯೂಸ್' ಎಂದಾಯಿತು. ಆ ಬಾಲವನ್ನು ನೆನಪಿಟ್ಟುಕೊಳ್ಳಿ. ನಮ್ಮ ಕಡೆಯವರೂ ಅದರೊಳಗಿದ್ದಾರೆ.

ಪತ್ರಿಕೆ ಶುರುವಾಗಿ ಆರು ತಿಂಗಳಿಗೆ ನಾಟಿಂಗ್ ಹಿಲ್ ಹೊತ್ತಿಕೊಂಡಿತು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದ ತನಕ ಬಿಳಿಯ ಯುವಕರ ಗುಂಪುಗಳು ಕೆರಿಬಿಯನ್ನರ ಮನೆಗಳ ಮೇಲೆ ಬಿದ್ದವು. ಇದಕ್ಕೆ ಜೋನ್ಸ್ ಕೊಟ್ಟ ಉತ್ತರ ವಿಚಿತ್ರ ಅನ್ನಿಸಬಹುದು. 1959ರ ಜನವರಿ 30ರಂದು ಸೇಂಟ್ ಪ್ಯಾಂಕ್ರಸ್ ಟೌನ್ ಹಾಲ್‌ನೊಳಗೆ ಕೆರಿಬಿಯನ್ ಕಾರ್ನಿವಲ್ ಮಾಡಿದರು. ಹೊರಗೆ ಕೊರೆಯುವ ಚಳಿ, ಒಳಗೆ ಸ್ಟೀಲ್ ಬ್ಯಾಂಡ್. ಬಿಬಿಸಿ ಅದನ್ನು ಟಿವಿಯಲ್ಲಿ ತೋರಿಸಿತು. ಕಾರ್ಯಕ್ರಮದ ಪುಸ್ತಿಕೆ ಮಾರಿ ಬಂದ ಹಣದಲ್ಲಿ ಒಂದು ಪಾಲು, ಗಲಭೆಯಲ್ಲಿ ಸಿಕ್ಕಿಬಿದ್ದ ಯುವಕರ ಕೋರ್ಟ್ ದಂಡ ಕಟ್ಟುವುದಕ್ಕೆ ಎಂದು ಅದರಲ್ಲೇ ಹೇಳಿದ್ದರು. ಕುಣಿತವೂ ಚಂದಾ ಎತ್ತುವ ದಾರಿಯಾಯಿತು.

ಅದೇ ವರ್ಷ ಮೇ ತಿಂಗಳಲ್ಲಿ ಕೆಲ್ಸೋ ಕಾಕ್ರೇನ್ ಎಂಬ ಆಂಟಿಗಾದ ಬಡಗಿಯನ್ನು ನಾಟಿಂಗ್ ಹಿಲ್‌ನಲ್ಲಿ ಇರಿದು ಕೊಂದರು. ಇವತ್ತಿಗೂ ಯಾರಿಗೂ ಶಿಕ್ಷೆಯಾಗಿಲ್ಲ. ಶವಯಾತ್ರೆಗೆ ಸಾವಿರಕ್ಕೂ ಹೆಚ್ಚು ಜನ ಸೇರಿದರು. ಜಮೈಕಾದವನು, ಟ್ರಿನಿಡಾಡಿನವನು, ಆಂಟಿಗಾದವನು ಎಂದು ಬೇರೆ ಬೇರೆ ಇದ್ದವರನ್ನು ಒಂದು ಮಾಡಿದ್ದು ಹೊರಗಿನ ಏಟು. ಕ್ರಿಕೆಟ್ ಟೀಮು ಬಿಟ್ಟರೆ 'ವೆಸ್ಟ್ ಇಂಡಿಯನ್' ಅನ್ನುವ ಗುರುತು ಗಟ್ಟಿಯಾದದ್ದು ಲಂಡನ್ನಿನಲ್ಲೇ ಅಂದರೂ ತಪ್ಪಾಗಲಿಕ್ಕಿಲ್ಲ.

ಇವತ್ತು ಪ್ರತಿ ಆಗಸ್ಟ್‌ನಲ್ಲಿ ನಡೆಯುವ ನಾಟಿಂಗ್ ಹಿಲ್ ಕಾರ್ನಿವಲ್‌ನ ತಾಯಿ ಯಾರು ಎಂಬ ಜಗಳ ಇನ್ನೂ ಇದೆ. ಬೀದಿಗೆ ಅದನ್ನು ತಂದದ್ದು 1966ರಲ್ಲಿ ಸಮುದಾಯ ಕಾರ್ಯಕರ್ತೆ ರೋನ್ ಲ್ಯಾಸ್ಲೆಟ್. ಜೋನ್ಸ್ ಅಷ್ಟರಲ್ಲಿ ತೀರಿಹೋಗಿದ್ದರು. ಹೈಗೇಟ್ ಸ್ಮಶಾನದಲ್ಲಿ ಕಾರ್ಲ್ ಮಾರ್ಕ್ಸ್ ಸಮಾಧಿಯ ಎಡಕ್ಕೆ ಅವರನ್ನು ಮಣ್ಣು ಮಾಡಿದ್ದಾರೆ.

ಬ್ರಿಸ್ಟಲ್ ಬಸ್ಸಿನಲ್ಲಿ ಒಬ್ಬ ಸಿಖ್

ಸಂಘಟನೆಯಿಂದ ಕಾನೂನು ಹೇಗೆ ಬದಲಾಗುತ್ತದೆ ಎಂದು ಎಳೆ ಎಳೆಯಾಗಿ ನೋಡಬೇಕಾದರೆ ಬ್ರಿಸ್ಟಲ್ ನೋಡಬೇಕು.

1963ರಲ್ಲಿ ಆ ಊರಿನಲ್ಲಿ ಸುಮಾರು 3,000 ಕೆರಿಬಿಯನ್ನರಿದ್ದರು. ಬ್ರಿಸ್ಟಲ್ ಆಮ್ನಿಬಸ್ ಕಂಪನಿ ಅವರನ್ನು ಗ್ಯಾರೇಜಿನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿತ್ತು, ಬಸ್ಸಿನ ಮೇಲೆ ಅಲ್ಲ. ತಪ್ಪು ಕಂಪನಿಯದ್ದು ಮಾತ್ರ ಅನ್ನುವ ಹಾಗಿಲ್ಲ. ಬಣ್ಣದವರನ್ನು ಡ್ರೈವರ್, ಕಂಡಕ್ಟರ್ ಮಾಡಬಾರದು ಎಂದು 1955ರಲ್ಲೇ ಅಲ್ಲಿನ ಕಾರ್ಮಿಕ ಸಂಘದ ಬಸ್ ನೌಕರರು ಠರಾವು ಮಾಡಿದ್ದರು. ಓವರ್‌ಟೈಮ್ ಕಡಿಮೆಯಾಗುತ್ತೆ, ಸಂಬಳ ಇಳಿಯುತ್ತೆ ಎಂಬ ಭಯ.

ರಾಯ್ ಹ್ಯಾಕೆಟ್, ಓವನ್ ಹೆನ್ರಿ ಮೊದಲಾದ ಕೆರಿಬಿಯನ್ ಯುವಕರು ವೆಸ್ಟ್ ಇಂಡಿಯನ್ ಡೆವಲಪ್ಮೆಂಟ್ ಕೌನ್ಸಿಲ್ ಕಟ್ಟಿದರು. ಅವರಿಗೆ ಮಾತುಗಾರನೊಬ್ಬ ಬೇಕಿತ್ತು. ಪಾಲ್ ಸ್ಟೀಫನ್ಸನ್ ಸಿಕ್ಕರು. ಇಂಗ್ಲೆಂಡಿನಲ್ಲೇ ಹುಟ್ಟಿದ ಕರಿಯ ಯುವಕ, ಅಪ್ಪ ಪಶ್ಚಿಮ ಆಫ್ರಿಕಾದವರು. ಸ್ಟೀಫನ್ಸನ್ ಮೊದಲು ಸಾಕ್ಷಿ ಹೊಂದಿಸಿದರು. ಗೈ ಬೇಲಿ ಎಂಬ ಓದು ಬರಹ ಚೆನ್ನಾಗಿದ್ದ ಜಮೈಕಾದ ಹುಡುಗನಿಗಾಗಿ ಕಂಪನಿಗೆ ಫೋನ್ ಮಾಡಿ, ಕೆಲಸ ಖಾಲಿ ಇದೆಯಾ ಎಂದು ಕೇಳಿದರು. ಇದೆ ಎಂದರು. ಸಂದರ್ಶನ ಗೊತ್ತಾಯಿತು. ಆಮೇಲೆ ಹುಡುಗ ವೆಸ್ಟ್ ಇಂಡಿಯನ್ ಎಂದು ತಿಳಿಸಿದರು. ಸಂದರ್ಶನ ರದ್ದಾಯಿತು. ಇನ್ನು ಯಾರೂ 'ಅಂಥಾದ್ದೇನೂ ಇಲ್ಲ' ಅನ್ನುವ ಹಾಗಿರಲಿಲ್ಲ.

ಏಪ್ರಿಲ್ ಕೊನೆಗೆ ಬಸ್ ಬಹಿಷ್ಕಾರ ಘೋಷಣೆಯಾಯಿತು. ವಿದ್ಯಾರ್ಥಿಗಳು ಮೆರವಣಿಗೆ ಮಾಡಿದರು. ಆ ಊರಿನ ಲೇಬರ್ ಪಕ್ಷದ ಮುಖಂಡ ಟೋನಿ ಬೆನ್ ಬೆಂಬಲಿಸಿದರು. ಟ್ರಿನಿಡಾಡಿನ ಹೈಕಮಿಷನರ್ ಆಗಿದ್ದ, ಆ ಹಿಂದೆ ಹೋಟೆಲ್ ರೂಮು ಸಿಗದ ಅದೇ ಕಾನ್ಸ್ಟಂಟೈನ್, ಬಹಿರಂಗವಾಗಿ ಪರ ನಿಂತರು. ಆಗಸ್ಟ್ 28ರಂದು ಕಂಪನಿ ಸೋಲೊಪ್ಪಿತು. ಅದೇ ದಿನ ಅತ್ತ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಹೆಸರಾಂತ ಭಾಷಣ ಮಾಡುತ್ತಿದ್ದರು. ಹಾಗಾಗಿ ಬ್ರಿಸ್ಟಲ್ ಸುದ್ದಿ ಪ್ರಪಂಚದ ಕಿವಿಗೆ ಬೀಳಲೇ ಇಲ್ಲ ಅನ್ನಬಹುದು.

ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್ ಬಸ್ಸುಗಳಿಗೆ ಮೊದಲ ಬಿಳಿಯೇತರ ಕಂಡಕ್ಟರ್ ಬಂದರು. ಹೆಸರು ರಘಬೀರ್ ಸಿಂಗ್. ಭಾರತದಿಂದ ಹೋದ ಸಿಖ್. ಕೆರಿಬಿಯನ್ನರು ಹೋರಾಡಿ ತೆರೆಸಿದ ಬಾಗಿಲಲ್ಲಿ ಮೊದಲು ಒಳಗೆ ಹೋದದ್ದು ನಮ್ಮವರು, ಅಲ್ವಾ?

1965ರಲ್ಲಿ ವರ್ಣಭೇದ ತಡೆಯುವ ಮೊದಲ ಕಾನೂನು, ಜನಾಂಗ ಸಂಬಂಧ ಕಾಯ್ದೆ, ಬಂತು. ಆದರೆ ಅದು ಸಾರ್ವಜನಿಕ ಸ್ಥಳಗಳಿಗೆ ಮಾತ್ರ. ಕೆಲಸ, ಮನೆ ಎರಡನ್ನೂ ಸೇರಿಸಿದ್ದು 1968ರ ಕಾಯ್ದೆ. ಕಿಟಕಿಯ ಬೋರ್ಡು ಕಾನೂನುಬಾಹಿರ ಆಗಲು ವಿಂಡ್‌ರಶ್ ಬಂದು ಇಪ್ಪತ್ತು ವರ್ಷ ಹಿಡಿಯಿತು. ಪೊಲೀಸರ ಕೆಲಸವಂತೂ ಈ ಕಾನೂನಿನಡಿ ಪೂರ್ತಿ ಬಂದದ್ದು 2000ದಲ್ಲಿ.

ಶನಿವಾರದ ಶಾಲೆ, ರಾತ್ರಿಯ ಹೋಟೆಲ್

ಮಕ್ಕಳು ಶಾಲೆಗೆ ಹೋಗತೊಡಗಿದಾಗ ಮುಂದಿನ ಬಾಗಿಲು ಮುಚ್ಚಿತು. 'ಬುದ್ಧಿಮಟ್ಟ ಕಡಿಮೆ' ಎಂದು ಪಟ್ಟಿ ಹಚ್ಚಿ ಪ್ರತ್ಯೇಕ ಶಾಲೆಗೆ ಕಳಿಸುವ ವ್ಯವಸ್ಥೆ ಆಗ ಇತ್ತು. ಅಲ್ಲಿ ಕೆರಿಬಿಯನ್ ಮಕ್ಕಳ ಸಂಖ್ಯೆ ಅವರ ಜನಸಂಖ್ಯೆಗೆ ಹೋಲಿಸಿದರೆ ತೀರಾ ಜಾಸ್ತಿ. ಮನೆಯಲ್ಲಿ ಜಮೈಕಾದ ಆಡುಮಾತು ಆಡುವ ಮಗು ಪರೀಕ್ಷೆಯಲ್ಲಿ ಇಂಗ್ಲಿಷ್ ಮನೆಯ ಪದ ಗುರುತಿಸದಿದ್ದರೆ ದಡ್ಡ. ಗ್ರೆನಡಾದ ಬರ್ನಾರ್ಡ್ ಕೋರ್ಡ್ ಎಂಬ ಶಿಕ್ಷಕ 1971ರಲ್ಲಿ ಇದನ್ನು ಒಂದು ತೆಳು ಪುಸ್ತಿಕೆಯಲ್ಲಿ ಬಿಡಿಸಿಟ್ಟರು. ಪ್ರಕಟಿಸಿದ್ದು ನ್ಯೂ ಬೀಕನ್ ಬುಕ್ಸ್. ಟ್ರಿನಿಡಾಡಿನ ಜಾನ್ ಲಾ ರೋಸ್ ಮತ್ತು ಸಾರಾ ವೈಟ್ 1966ರಲ್ಲಿ ಕಟ್ಟಿದ ಸಂಸ್ಥೆ ಅದು.

ಅಪ್ಪ ಅಮ್ಮಂದಿರು ಸರ್ಕಾರ ತಿದ್ದಿಕೊಳ್ಳಲಿ ಎಂದು ಕಾಯುತ್ತ ಕೂರಲಿಲ್ಲ. ಮನೆಯ ಹಜಾರದಲ್ಲಿ, ಚರ್ಚಿನ ಹಾಲ್‌ನಲ್ಲಿ ಶನಿವಾರದ ಶಾಲೆ ಶುರು ಮಾಡಿದರು. ಗಣಿತ, ಓದು, ಜೊತೆಗೆ ಕೆರಿಬಿಯನ್ ಮತ್ತು ಆಫ್ರಿಕಾದ ಚರಿತ್ರೆ. 1981ರ ಶಿಕ್ಷಣ ಕಾಯ್ದೆ ಆ ಹಣೆಪಟ್ಟಿಯನ್ನೇ ತೆಗೆದುಹಾಕಿತು. ಅಷ್ಟರಲ್ಲಿ ಒಂದು ಇಡೀ ತಲೆಮಾರು ಶಾಲೆ ಮುಗಿಸಿತ್ತು, ಅಥವಾ ಶಾಲೆ ಅವರನ್ನು ಮುಗಿಸಿತ್ತು.

ಅತ್ತ ನಾಟಿಂಗ್ ಹಿಲ್‌ನ ಆಲ್ ಸೇಂಟ್ಸ್ ರಸ್ತೆಯಲ್ಲಿ ಟ್ರಿನಿಡಾಡಿನ ಫ್ರಾಂಕ್ ಕ್ರಿಚ್ಲೋ 1968ರಲ್ಲಿ ಮ್ಯಾಂಗ್ರೋವ್ ಎಂಬ ಹೋಟೆಲ್ ತೆರೆದರು. ನಮ್ಮ ಊರುಗಳ ಕಾಫಿ ಹೋಟೆಲ್ ಇದ್ದ ಹಾಗೆ, ಎಲ್ಲಾ ಮಾತುಕತೆ ಅಲ್ಲೇ. ಒಂದೂವರೆ ವರ್ಷದಲ್ಲಿ ಪೊಲೀಸರು 12 ಸಲ ದಾಳಿ ಮಾಡಿದರು. 1970ರ ಆಗಸ್ಟ್ 9ರಂದು ಇದರ ವಿರುದ್ಧ ಮೆರವಣಿಗೆ ಹೊರಟಿತು, ಪೊಲೀಸರೊಡನೆ ಘರ್ಷಣೆಯಾಯಿತು, ಒಂಬತ್ತು ಜನರ ಮೇಲೆ ಗಲಭೆಗೆ ಪ್ರಚೋದನೆಯ ಕೇಸು ಬಿತ್ತು. 55 ದಿನ ವಿಚಾರಣೆ. ಡಾರ್ಕಸ್ ಹೋ, ಆಲ್ತಿಯಾ ಜೋನ್ಸ್-ಲಕಾಯಿಂಟ್ ವಕೀಲರನ್ನು ಬಿಟ್ಟು ತಾವೇ ವಾದಿಸಿದರು. ಆ ಆರೋಪದಿಂದ ಒಂಬತ್ತೂ ಜನ ಖುಲಾಸೆಯಾದರು. ತೀರ್ಪು ಕೊಡುವಾಗ ನ್ಯಾಯಾಧೀಶರು ಜನಾಂಗದ್ವೇಷ ಎರಡೂ ಕಡೆ ಕಂಡಿತು ಎಂದರು. 'ಎರಡೂ ಕಡೆ' ಅನ್ನುವುದರಲ್ಲಿ ಪೊಲೀಸರೂ ಬಂದರು. ಹಿಂದೆ ಯಾವ ಬ್ರಿಟಿಷ್ ನ್ಯಾಯಾಧೀಶರೂ ಹಾಗೆ ಹೇಳಿರಲಿಲ್ಲ. ಪೊಲೀಸ್ ಇಲಾಖೆ ಆ ಮಾತು ಹಿಂತೆಗೆಸಲು ನೋಡಿತು, ಆಗಲಿಲ್ಲ.

ಸೋಮವಾರ ಇಪ್ಪತ್ತು ಸಾವಿರ ಜನ

1981ರ ಜನವರಿ 18ರ ನಸುಕಿನಲ್ಲಿ ದಕ್ಷಿಣ ಲಂಡನ್ನಿನ ನ್ಯೂ ಕ್ರಾಸ್ ರಸ್ತೆಯ ಒಂದು ಮನೆಯಲ್ಲಿ, ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿದ್ದಾಗ ಬೆಂಕಿ ಬಿತ್ತು. 13 ಕರಿಯ ಹುಡುಗ ಹುಡುಗಿಯರು ಸತ್ತರು. ಯಾರಾದರೂ ಹಚ್ಚಿದರೋ, ತಾನಾಗಿ ಹೊತ್ತಿತೋ? ಎರಡು ಸಲ ಮರಣ ವಿಚಾರಣೆ ನಡೆದರೂ ತೀರ್ಮಾನ ಆಗಲಿಲ್ಲ. ಜನರನ್ನು ಕೆರಳಿಸಿದ್ದು ಬೆಂಕಿಗಿಂತ ಹೆಚ್ಚಾಗಿ ಮೌನ. ಪ್ರಧಾನಿಯಿಂದ ವಾರಗಟ್ಟಲೆ ಸಂತಾಪದ ಒಂದು ಸಾಲು ಬರಲಿಲ್ಲ. 'ಹದಿಮೂರು ಸಾವು, ಒಂದು ಮಾತಿಲ್ಲ' ಎಂಬುದೇ ಘೋಷಣೆಯಾಯಿತು.

ಲಾ ರೋಸ್ ಮುಂದಾಳತ್ವದ ಸಮಿತಿ ಮಾರ್ಚ್ 2ಕ್ಕೆ ಮೆರವಣಿಗೆ ಕರೆಯಿತು. ಅದು ಸೋಮವಾರ. ಭಾನುವಾರ ಬಿಟ್ಟು ಕೆಲಸದ ದಿನವನ್ನೇ ಆರಿಸಿದ್ದರು. ನೌಕರಿಗೆ ರಜೆ ಹಾಕಿ, ಶಾಲೆ ತಪ್ಪಿಸಿ ಸುಮಾರು 20,000 ಜನ ನಡೆದರು. ಬೇರೆ ಬೇರೆ ಊರುಗಳಿಂದ ಬಸ್ಸು ಮಾಡಿಕೊಂಡು ಬಂದರು. ಚೀಟಿ, ಚರ್ಚು, ಶನಿವಾರದ ಶಾಲೆ, ಪತ್ರಿಕೆ ಎಂದು ಮೂವತ್ತು ವರ್ಷ ಹೆಣೆದ ಬಲೆ ಅಂದು ಕೆಲಸಕ್ಕೆ ಬಂತು.

ಮುಂದಿನ ತಿಂಗಳೇ ಬ್ರಿಕ್ಸ್ಟನ್ ಸಿಡಿಯಿತು. ಆಗ ಪೊಲೀಸರಿಗೆ 1824ರ ಒಂದು ಭಿಕ್ಷುಕ ಕಾಯ್ದೆಯಡಿ, ಅನುಮಾನ ಬಂದರೆ ಸಾಕು, ಯಾರನ್ನು ಬೇಕಾದರೂ ಹಿಡಿಯುವ ಅಧಿಕಾರವಿತ್ತು. ಏಪ್ರಿಲ್‌ನಲ್ಲಿ ಮಫ್ತಿಯಲ್ಲಿದ್ದ ಪೊಲೀಸರು ಕೆಲವೇ ದಿನಗಳಲ್ಲಿ ಬ್ರಿಕ್ಸ್ಟನ್ನಿನಲ್ಲಿ 900ಕ್ಕೂ ಹೆಚ್ಚು ಜನರನ್ನು ತಡೆದು ಜೇಬು ತಡಕಿದರು. ಗಲಭೆಯಾಯಿತು. ಆ ಕಾಯ್ದೆಯ ಅನುಮಾನದ ಕಲಮು ಅದೇ ವರ್ಷ ರದ್ದಾಯಿತು. ಗಲಭೆ ಆದದ್ದರಿಂದ ರದ್ದಾಯಿತು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಅದರ ವಿರುದ್ಧ ತಾಯಂದಿರು ಸೇರಿ ವರ್ಷಗಟ್ಟಲೆ ಪ್ರಚಾರ ನಡೆಸಿದ್ದರು, ಸಂಸತ್ತಿನ ಸಮಿತಿಯೂ ಮೊದಲೇ ಒಪ್ಪಿತ್ತು.

ಅನುದಾನ ಬಂತು, ಹೆಸರು ಒಡೆಯಿತು

ಗಲಭೆಯ ನಂತರ ಕೌನ್ಸಿಲ್‌ಗಳು ಸಮುದಾಯ ಕೇಂದ್ರಗಳಿಗೆ ಧಾರಾಳವಾಗಿ ದುಡ್ಡು ಕೊಡತೊಡಗಿದವು. ಇಲ್ಲಿ ಸಂಘಟಕರೊಳಗೇ ದೊಡ್ಡ ಭಿನ್ನಾಭಿಪ್ರಾಯ ಬಂತು. ಒಂದು ಗುಂಪಿನ ವಾದ: ನಾವು ಕಟ್ಟುವ ತೆರಿಗೆಯ ದುಡ್ಡು, ನಮ್ಮ ವೃದ್ಧರಿಗೆ, ಮಕ್ಕಳಿಗೆ ಯಾಕೆ ಬೇಡ? ಇನ್ನೊಂದು ಗುಂಪಿನದು: ಅನುದಾನ ತಿಂದವನು ಆಳುವವರನ್ನು ಬೈಯಲಾರ. ಶ್ರೀಲಂಕಾದಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ ಚಿಂತಕ ಎ. ಶಿವಾನಂದನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇದು ಒಗ್ಗಟ್ಟನ್ನೇ ಜಾತಿ ಜಾತಿಯಾಗಿ ಹಂಚುವ ಕೆಲಸ ಎಂದರು.

ಅವರು ಹೇಳಿದ್ದು 'ಬ್ಲ್ಯಾಕ್' ಎಂಬ ಪದದ ಬಗ್ಗೆ. 70ರ ದಶಕದ ಬ್ರಿಟನ್ನಿನಲ್ಲಿ ಅದು ಮೈಬಣ್ಣಕ್ಕಿಂತ ಹೆಚ್ಚಾಗಿ ರಾಜಕೀಯದ ಹೆಸರು. ಪುಣೆಯಲ್ಲಿ ಹುಟ್ಟಿದ ಫರೂಖ್ ಧೋಂಡಿ, ಭಾರತದಿಂದಲೇ ಹೋದ ಮಾಲಾ ಸೇನ್ ಬ್ರಿಟಿಷ್ ಬ್ಲ್ಯಾಕ್ ಪ್ಯಾಂಥರ್ಸ್ ಎಂಬ ಹೋರಾಟದ ಸಂಘಟನೆಯಲ್ಲಿದ್ದರು. 1978ರಲ್ಲಿ ಸ್ಟೆಲ್ಲಾ ಡಾಡ್ಜಿ, ಆಲಿವ್ ಮಾರಿಸ್ ಮೊದಲಾದವರು ಕಟ್ಟಿದ ಮಹಿಳಾ ಒಕ್ಕೂಟದ ಹೆಸರಿನಲ್ಲೇ ಆಫ್ರಿಕನ್ ಮತ್ತು ಏಷ್ಯನ್ ಎರಡೂ ಇದ್ದವು. ಅನುದಾನದ ಅರ್ಜಿಯಲ್ಲಿ ಮಾತ್ರ ಕೆರಿಬಿಯನ್, ಬಾಂಗ್ಲಾದೇಶಿ, ಸಿಖ್ ಎಂದು ಬೇರೆ ಬೇರೆ ಕಾಲಂ. ಕಾಲಂ ಬೇರೆಯಾದ ಮೇಲೆ ಸಂಘವೂ ಬೇರೆಯಾಯಿತು. ಎಲ್ಲ ತಪ್ಪೂ ಅನುದಾನದ್ದೇ ಎಂದು ನನಗೆ ಅನ್ನಿಸುವುದಿಲ್ಲ. ಒಂದೇ ಹೆಸರಿನಡಿ ತಮ್ಮ ಮಾತು ಕೇಳಿಸುತ್ತಿಲ್ಲ ಎಂದು ಏಷ್ಯನ್ನರೂ ಗೊಣಗುತ್ತಿದ್ದರು. ಆದರೆ ಒಡಕಿನ ಬೆಲೆ ಮುಂದೆ ಕಟ್ಟಬೇಕಾಯಿತು.

ಮತ್ತೆ ಅವೇ ಬಾಗಿಲು

2012ರಲ್ಲಿ ಗೃಹ ಸಚಿವೆ ಥೆರೇಸಾ ಮೇ ಅಕ್ರಮ ವಲಸಿಗರಿಗೆ ಬ್ರಿಟನ್ ಅಸಹನೀಯ ಆಗಬೇಕು ಎಂಬ ನೀತಿ ತಂದರು. 2014 ಮತ್ತು 2016ರ ಕಾಯ್ದೆಗಳ ಪ್ರಕಾರ ಮನೆ ಮಾಲೀಕ, ಕೆಲಸ ಕೊಡುವವನು, ಬ್ಯಾಂಕು, ಆಸ್ಪತ್ರೆ ಎಲ್ಲರೂ ಕಾಗದ ಕೇಳಬೇಕು. ಗಮನಿಸಿ: 50ರ ದಶಕದಲ್ಲಿ ಮುಚ್ಚಿದ್ದೂ ಇದೇ ಮನೆ, ಕೆಲಸ, ಬ್ಯಾಂಕಿನ ಬಾಗಿಲುಗಳು. ಆಗ ಮಾಲೀಕರು ತಾವಾಗಿ ಮುಚ್ಚಿದ್ದರು, ಈಗ ಕಾನೂನು ಚಿಲಕ ಕೊಟ್ಟಿತು.

1973ಕ್ಕೆ ಮೊದಲು ಬಂದ ಅಜ್ಜ ಅಜ್ಜಿಯರನ್ನು ಗೃಹ ಇಲಾಖೆ ವರ್ಷಕ್ಕೆ ನಾಲ್ಕು ದಾಖಲೆ ಕೇಳಿತು. ನಲವತ್ತು ವರ್ಷಕ್ಕೆ ನೂರರವತ್ತು. 1979ರ ಕರೆಂಟ್ ಬಿಲ್ ನಿಮ್ಮ ಮನೆಯಲ್ಲಿದೆಯೇ? ಅವರು ಬಂದಿಳಿದ ದಿನಾಂಕ ಇದ್ದ ಹಳೇ ಕಾರ್ಡುಗಳನ್ನು 2010ರಲ್ಲಿ ಇಲಾಖೆಯೇ ನಾಶ ಮಾಡಿತ್ತು.

ಪಾಲೆಟ್ ವಿಲ್ಸನ್ 1968ರಲ್ಲಿ ಚಿಕ್ಕ ಹುಡುಗಿಯಾಗಿ ಜಮೈಕಾದಿಂದ ಬಂದವರು. ಒಂದು ಕಾಲದಲ್ಲಿ ಸಂಸತ್ತಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವರು. 34 ವರ್ಷ ವಿಮಾ ಕಂತು ಕಟ್ಟಿದ್ದರು. 2017ರಲ್ಲಿ ಅವರನ್ನು ಬಂಧನ ಕೇಂದ್ರಕ್ಕೆ ಒಯ್ದರು, ಇನ್ನೇನು ವಿಮಾನ ಹತ್ತಿಸಬೇಕು. ಉಳಿಸಿದ್ದು ವುಲ್ವರ್‌ಹ್ಯಾಂಪ್ಟನ್‌ನ ಒಂದು ವಲಸಿಗರ ನೆರವು ಕೇಂದ್ರ ಮತ್ತು ಸ್ಥಳೀಯ ಸಂಸದೆ. ಅವರ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಇಂಥವು ಒಂದರ ಹಿಂದೆ ಒಂದು ಹೊರಬಿದ್ದವು. ಕನಿಷ್ಠ 83 ಜನರನ್ನು ತಪ್ಪಾಗಿ ದೇಶದಿಂದ ಕಳಿಸಲಾಗಿತ್ತು. 2018ರ ಏಪ್ರಿಲ್‌ನಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ವಿಲ್ಸನ್ 2020ರ ಜುಲೈನಲ್ಲಿ ತೀರಿಕೊಂಡರು.

ಪರಿಹಾರ ಯಾಕೆ ತಡ?

ಸರ್ಕಾರದ ವಾದ ಸರಳ. ಇದು ಜನರ ತೆರಿಗೆ ಹಣ. ನಷ್ಟಕ್ಕೆ ಪುರಾವೆ ಬೇಕು, ಪ್ರತಿ ಅರ್ಜಿಯೂ ಬೇರೆ ಬೇರೆ, ಸಮಯ ಹಿಡಿಯುತ್ತದೆ. ಮೊದಲಿಗಿಂತ ಸುಧಾರಿಸಿದ್ದೇವೆ. ಇದರಲ್ಲಿ ಒಂದಿಷ್ಟು ಹುರುಳಿದೆ. 2020ರ ಡಿಸೆಂಬರ್‌ನಲ್ಲಿ ಬದುಕಿನ ಮೇಲಾದ ಪೆಟ್ಟಿಗೆ ಕೊಡುವ ಕನಿಷ್ಠ ಮೊತ್ತ 250 ಪೌಂಡ್‌ನಿಂದ 10,000ಕ್ಕೆ ಏರಿತು.

ಸಮುದಾಯ ಸಂಘಟನೆಗಳ ವಾದ ಬೇರೆ. ಕಾಗದ ಇಲ್ಲ ಎಂಬ ಕಾರಣಕ್ಕೆ ಬದುಕು ಹಾಳಾದವರ ಹತ್ತಿರ, ಹಾಳಾದದ್ದಕ್ಕೆ ಕಾಗದ ತನ್ನಿ ಅನ್ನುವುದು ಯಾವ ನ್ಯಾಯ? ಅದೂ ಹಾಳು ಮಾಡಿದ ಇಲಾಖೆಯ ಕೈಗೇ ಕೊಡಬೇಕು. ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿ 2021ರ ನವೆಂಬರ್‌ನಲ್ಲಿ ಇದನ್ನೇ ಹೇಳಿತು. ಮೊದಲು ಅಂದಾಜಿಸಿದ್ದ 15,000 ಅರ್ಹರಲ್ಲಿ ಅಷ್ಟರೊಳಗೆ ಶೇ. 5.8 ಜನರಿಗೆ ಮಾತ್ರ ಹಣ ಸಿಕ್ಕಿತ್ತು, 23 ಜನ ಏನೂ ಸಿಗದೆ ಸತ್ತಿದ್ದರು. ಯೋಜನೆಯನ್ನು ಸ್ವತಂತ್ರ ಸಂಸ್ಥೆಗೆ ಕೊಡಿ ಎಂದಿತು ಸಮಿತಿ. ಸರ್ಕಾರ ಒಪ್ಪಲಿಲ್ಲ. ವಕೀಲರ ಖರ್ಚನ್ನೂ ಯೋಜನೆಯಲ್ಲಿ ಸೇರಿಸಲಿಲ್ಲ.

ಇನ್ನೊಂದು ಸಂಗತಿ ಅಂಕಿಅಂಶದಲ್ಲಿ ಕಾಣುವುದಿಲ್ಲ. ಗೃಹ ಇಲಾಖೆಗೆ ವಿಳಾಸ ಬರೆದು ಕೊಟ್ಟರೆ ಮನೆ ಬಾಗಿಲಿಗೆ ಯಾರು ಬರುತ್ತಾರೋ ಎಂಬ ಭಯ. ಸಿಗುವ ದುಡ್ಡಿಗಿಂತ ಆ ಭಯ ದೊಡ್ಡದು. ಅಂಥವರು ಅರ್ಜಿ ತುಂಬುವುದು ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ, ಚರ್ಚಿನ ಹಿಂದಿನ ಕೋಣೆಯಲ್ಲಿ, ಪರಿಚಯದ ಯಾರಾದರೂ ಪಕ್ಕ ಕೂತಾಗ. ಕಮಿಷನರ್ ಕುರ್ಚಿಗೆ ಪಾದ್ರಿ ಬಂದದ್ದು ಇದಕ್ಕೇ.

ಇದರ ಪರಿಣಾಮ ಎರಡು ಥರ ಆಗಬಹುದು. ಜನರ ನಂಬಿಕೆ ಇರುವ ಮನುಷ್ಯ ಒಳಗಿದ್ದರೆ ಅರ್ಜಿಗಳು ಹೆಚ್ಚಬಹುದು, ಇಲಾಖೆಯ ತಪ್ಪು ಬೇಗ ಬಯಲಿಗೆ ಬರಬಹುದು. ಆದರೆ ಪರಿಹಾರ ನಿರ್ಧರಿಸುವ ಅಧಿಕಾರ ಕಮಿಷನರ್ ಕೈಯಲ್ಲಿಲ್ಲ, ಅದು ಗೃಹ ಇಲಾಖೆಯಲ್ಲೇ ಉಳಿದಿದೆ. ತಡವಾದರೆ ಜನ ಇಲಾಖೆಯನ್ನು ಬೈಯುವುದು ಬಿಟ್ಟು ಪಾದ್ರಿಯನ್ನು ಕೇಳುತ್ತಾರೆ. 80ರ ದಶಕದಲ್ಲಿ ಅನುದಾನದ ಬಗ್ಗೆ ಎದ್ದ ಪ್ರಶ್ನೆ ಹೊಸ ವೇಷದಲ್ಲಿ ಮತ್ತೆ ಬಂದು ನಿಂತಿದೆ.

ಇನ್ನು ಆ ಹೆಸರಿನ ವಿಷಯ. ವಿಂಡ್‌ರಶ್ ಯೋಜನೆ ಕೆರಿಬಿಯನ್ನರಿಗೆ ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. 1973ಕ್ಕೆ ಮೊದಲು ಬ್ರಿಟನ್ನಿನಲ್ಲಿ ನೆಲೆಸಿದ ಯಾವ ಕಾಮನ್‌ವೆಲ್ತ್ ದೇಶದವರಿಗೂ ಅದು ಅನ್ವಯಿಸುತ್ತದೆ, ಭಾರತದಿಂದ ಹೋದವರೂ ಸೇರಿ. ಕಾಗದ ಇಲ್ಲದೆ ಕೆಲಸವೋ ಪಿಂಚಣಿಯೋ ಕಳೆದುಕೊಂಡಿದ್ದರೆ ಅವರೂ ಅರ್ಜಿ ಹಾಕಬಹುದು. ಆದರೆ ಹಡಗಿನ ಹೆಸರು ಕೇಳಿದ ಕೂಡಲೇ 'ಅದು ಅವರ ವಿಷಯ, ನಮ್ಮದಲ್ಲ' ಎಂದು ಪತ್ರಿಕೆಯ ಪುಟ ತಿರುಗಿಸುವವರು ಲೆಸ್ಟರ್‌ನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೂ ಇದ್ದಾರೆ. ಕ್ಲಾಡಿಯಾ ಜೋನ್ಸ್ ಪತ್ರಿಕೆಗೆ ಅಷ್ಟುದ್ದದ ಬಾಲ ಇದ್ದದ್ದು ಅವರನ್ನೂ ಓದುಗರೆಂದು ಎಣಿಸಿಯೇ.